ಬಾಯ್ಲರಣ್ಣ ಹೇಳಬೇಕೆಂದಿದ್ದ ಮಾತು

ಭಾನುವಾರ, ಮಾರ್ಚ್ ೯

ನನ್ನ ಗುಬ್ಬಿಮರಿಗೆ,

ನಿನ್ನ ಕಾಗದ ತಲುಪಿತು. ನಿನ್ನಪ್ಪ ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ನಾನು ಮೂರು ಸಲ ಓದಿ ಮುಗಿಸಿದ್ದೆ. ನಕ್ಷೆ ಬರೆಯುವ ಕಚೇರಿಯಲ್ಲಿ ನಿನ್ನನ್ನು ಇಷ್ಟು ಬೇಗ ಮೇಲ್ವಿಚಾರಕಿ ಮಾಡಿದರೆಂದು ನಾನಿಲ್ಲಿ ಬೀಗುತ್ತಿದ್ದರೆ, ನೀನು ಕೆಲಸವನ್ನೇ ಬಿಡುತ್ತೇನೆ ಎಂದು ಬರೆದಿದ್ದೀಯ. ಕೈಕೆಳಗಿನ ಆ ಹಿರಿಯರು ಎಲ್ಲದಕ್ಕೂ ತಲೆಯಾಡಿಸಿ, ಆಮೇಲೆ ತಮಗೆ ತೋಚಿದಂತೆ ಗೆರೆ ಎಳೆಯುತ್ತಾರಂತೆ. "ನಾನು ಹೇಳಿದ್ದು ಅವರ ತಲೆಗೇ ಹೋಗಲ್ಲಮ್ಮ" ಎಂದಿದ್ದೀಯ. ಆ ಸಾಲು ಓದಿ ನಗು ಬಂತು. ಅದು ನನ್ನದೇ ಮಾತು ಕಣೇ.

ಆಸ್ಪತ್ರೆಯಲ್ಲಿ ನನ್ನ ಉಸ್ತುವಾರಿಯ ಕೋಣೆ ನಿನಗೆ ಗೊತ್ತಲ್ಲ. ಆಪರೇಷನ್ನಿನ ಕತ್ತರಿ, ಇಕ್ಕಳಗಳನ್ನು ತೊಳೆದು, ಬಟ್ಟೆಯಲ್ಲಿ ಗಂಟು ಕಟ್ಟಿ, ಹಬೆಯ ಯಂತ್ರದಲ್ಲಿಟ್ಟು ಶುದ್ಧ ಮಾಡಿ ಕಳಿಸುವುದು ನಮ್ಮ ಕೆಲಸ. ಆ ಯಂತ್ರ ನೋಡಿಕೊಳ್ಳುವವರನ್ನು ಎಲ್ಲರೂ ಬಾಯ್ಲರಣ್ಣ ಎನ್ನುತ್ತೇವೆ. ಏನು ಕೇಳಿದರೂ ಅವರು ಮೊದಲು ಕೈ ಒರೆಸಿಕೊಳ್ಳಬೇಕು, ಯಂತ್ರದ ಕಡೆ ಒಮ್ಮೆ ನೋಡಬೇಕು, ಗಂಟಲು ಸರಿಮಾಡಿಕೊಳ್ಳಬೇಕು. ಅಷ್ಟರಲ್ಲಿ ನಾನು ಇನ್ನೂ ಮೂರು ವಿಷಯ ಮುಗಿಸಿ ಬಾಗಿಲು ದಾಟಿರುತ್ತಿದ್ದೆ.

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ, "ಎಲ್ಲ ಸರಿ ಇದೆ ಅಲ್ವಾ ಅಣ್ಣ? ಸರಿ, ಕಳಿಸಿಬಿಡಿ" ಅಂದೆ. ಅವರು, "ಮೇಡಂ, ಬಾಗಿಲಿನ..." ಅಂದರು. "ಬಾಗಿಲು ಆಮೇಲೆ ಒರೆಸಿದ್ರಾಯ್ತು" ಎಂದುಬಿಟ್ಟೆ.

ಅರ್ಧ ಗಂಟೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್ ಓಡಿ ಬಂದಳು. ಗಂಟಿನೊಳಗಿನ ಗುರುತಿನ ಪಟ್ಟಿ ಹಬೆ ತಾಗಿ ಕಪ್ಪಾಗಬೇಕಿತ್ತು, ಬೂದು ಬಣ್ಣದಲ್ಲೇ ನಿಂತಿತ್ತು. ಹಬೆ ಸಾಲದೆ ಒಂದೂ ಶುದ್ಧವಾಗಿರಲಿಲ್ಲ. ಮೇಜಿನ ಮೇಲೆ ನಿನ್ನ ವಯಸ್ಸಿನ ಹುಡುಗಿ ಮಲಗಿದ್ದಳು. ಪುಣ್ಯಕ್ಕೆ, ಕತ್ತರಿ ಇನ್ನೂ ಅವಳ ಹತ್ತಿರ ಹೋಗಿರಲಿಲ್ಲ.

ಎಲ್ಲರೆದುರು ಬಾಯ್ಲರಣ್ಣನ ಮೇಲೆ ಹರಿಹಾಯ್ದೆ. ಬಾಯಲ್ಲಿ ಏನಿಟ್ಟುಕೊಂಡಿದ್ದಿರಿ ಎಂದೂ ಕೇಳಿದೆ. ಅವರು ಕೈ ಒರೆಸಿಕೊಂಡರು. ಯಂತ್ರದ ಕಡೆ ನೋಡಿದರು. ನಾನು ಕೂಗಿ ದಣಿದಿದ್ದೆ, ಹಾಗಾಗಿ ಕಾದೆ.

"ಬಾಗಿಲಿನ ರಬ್ಬರ್ ಸೀಳಿದೆ ಮೇಡಂ. ಮೊನ್ನೆ ಸಣ್ಣದಿತ್ತು, ಇವತ್ತು ಬಾಯಿ ಬಿಟ್ಟಿದೆ, ಹಬೆಯೆಲ್ಲ ಸೋರ್ತಿದೆ. ಮೂರು ಸಲ ಹೇಳೋಕೆ ಬಂದೆ. ಪ್ರಶ್ನೆನೂ ನೀವೇ ಕೇಳ್ತೀರಿ, ಉತ್ತರಾನೂ ನೀವೇ ಹೇಳ್ತೀರಿ. ನಾನೆಲ್ಲಿ ಮಾತಾಡ್ಲಿ?"

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದರು.

ಮರುದಿನದಿಂದ, ಒಂದು ಪ್ರಶ್ನೆ ಕೇಳಿ ಅಲ್ಲೇ ಬಟ್ಟೆ ಮಡಿಸುತ್ತ ನಿಲ್ಲತೊಡಗಿದೆ. ಮೊದಲ ದಿನ ನಾಲಿಗೆ ಕಚ್ಚಿಕೊಂಡು ಏಳು ಬಟ್ಟೆ ಮಡಿಸಿದೆ. ಎಂಟನೆಯದಕ್ಕೆ ಅವರು ಬಾಯಿಬಿಟ್ಟರು. ಆ ಯಂತ್ರದ ನಾಡಿಯೇ ಅವರ ಕೈಯಲ್ಲಿದೆ ಎಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ. ಇದೇ ಉಪಾಯವನ್ನು ಗಂಟು ಕಟ್ಟುವ, ಸದಾ ಮಾತಾಡುತ್ತಲೇ ಇರುವ ನಮ್ಮ ಪಟಪಟಿಯ ಹತ್ತಿರ ಮಾಡಹೋದೆ. ನಾನು ಸುಮ್ಮನೆ ನಿಂತದ್ದು ನೋಡಿ, "ಯಾಕೆ ಮೇಡಂ, ನನ್ ಮೇಲೆ ಕೋಪಾನಾ?" ಎಂದು ಅತ್ತೇಬಿಟ್ಟಳು! ಅವಳ ಹತ್ತಿರ ಮೊದಲು ಮಗುವಿಗೆ ಎಷ್ಟು ಹಲ್ಲು ಬಂತೆಂದು ಕೇಳಬೇಕು, ಆಮೇಲೆ ಕೆಲಸದ ಮಾತು.

ನಿನ್ನ ಹಿರಿಯರು ಗೆರೆಯಲ್ಲೇ ಬದುಕು ಕಳೆದವರು. ನಾಳೆ ಅವರ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತು, ನಿನಗೆ ಬೇಕಾದ್ದನ್ನು ಪೆನ್ಸಿಲ್ಲಿನಲ್ಲಿ ಬರೆದು ತೋರಿಸು. ಅವರು ಅಳಿಸಿದರೆ ಯಾಕೆಂದು ಕೇಳು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರು. ಕಷ್ಟ, ಗೊತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ! ರಾಜೀನಾಮೆಯ ಕಾಗದವನ್ನು ಒಂದು ತಿಂಗಳು ಮೇಜಿನ ಖಾನೆಯಲ್ಲೇ ಇಟ್ಟಿರು, ನನ್ನ ಬಂಗಾರಿ.

ತಲೆ ಸವರಿ ಮುತ್ತು ಕೊಡುವ,
ನಿನ್ನ ಮಾತಿನ ಮಲ್ಲಿ,
ಅಮ್ಮ

ತಾ.ಕ.: ಒಂದು ವಿಷಯ ಹೇಳದೆಯೇ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಆ ದಿನದ ವರದಿ ಬರೆಯಬೇಕಾಗಿದ್ದವಳು ನಾನೇ. ಯಂತ್ರ ಕೆಟ್ಟಿತ್ತು ಎಂದಷ್ಟೇ ಬರೆದಿದ್ದರೂ ನಡೆಯುತ್ತಿತ್ತು. ಬಾಯ್ಲರಣ್ಣ ಹೇಳಲು ಬಂದರು, ನಾನು ಕೇಳಿಸಿಕೊಳ್ಳಲಿಲ್ಲ ಎಂದು ಬರೆದೆ. ಅದನ್ನೋದಿ ಮೇಲಿನವರು ತೀರ್ಮಾನಿಸಿದಂತೆ, ಒಂದನೇ ತಾರೀಖಿನಿಂದ ಕೋಣೆಯ ಉಸ್ತುವಾರಿ ಬಾಯ್ಲರಣ್ಣನದು. ನಾನು ಪಟಪಟಿಯ ಪಕ್ಕ ಕೂತು ಗಂಟು ಕಟ್ಟುತ್ತೇನೆ. ನಿನಗೆ ಹೇಳಲು ನಾಚಿಕೆಯಾಗಿತ್ತು. ಬೆಳಿಗ್ಗೆ ಬಂದವರೇ ಅವರು, "ಏನಾದ್ರೂ ಹೇಳೋದಿದೆಯಾ ಮೇಡಂ?" ಎಂದು ಕೇಳಿ, ನಾನು ಮುಗಿಸುವವರೆಗೂ ಕಾಯುತ್ತಾರೆ. ಪಾಪ, ನಿಂತೇ ಇರುತ್ತಾರೆ.