ಅಳತೆಗೆ ನಿಂತವರ ಪಟ

ಕೊಡೈಕಾನಲ್, 1894

ಗೂಡಲೂರಿನ ಅಕ್ಕ ಕರುಪ್ಪಾಯಿಗೆ ತಮ್ಮ ವೇಲುಸಾಮಿ ಬೇಡಿಕೊಳ್ಳುವುದು,

ಇದನ್ನು ಓದಿಸುವಾಗ ಬಾಗಿಲು ಹಾಕಿಕೊಂಡು ಕೂತು ಕೇಳು. ಕಾಡಿನ ಜ್ವರಕ್ಕೆ ನಮ್ಮ ಚಿನ್ನಯ್ಯ ಬಾವ ಹೋಗಿಬಿಟ್ಟರು. ಬೆಟ್ಟದ ಮೇಲೆಯೇ ಮಣ್ಣು ಮಾಡಿದೆವು. ಪಟ ತೆಗೆಯುವ ನಮ್ಮ ದೊರೆಯ ಕ್ಯಾಮೆರಾ ಪೆಟ್ಟಿಗೆಗಳನ್ನು ಇಳಿಸಲು ಆಳುಗಳು ಸಿಕ್ಕರು, ಬಾವನನ್ನು ಇಳಿಸಲು ಸಿಗಲಿಲ್ಲ.

ಮರ, ಬಂಡೆ ಎಷ್ಟು ಎತ್ತರವೆಂದು ಪಟದಲ್ಲಿ ತಿಳಿಯಬೇಕಾದರೆ ಬುಡದಲ್ಲಿ ಒಬ್ಬರನ್ನು ನಿಲ್ಲಿಸಬೇಕು. ಅದು ಬಾವನ ಕೆಲಸವಾಗಿತ್ತು. ನಾವು ತೆಗೆದ ಎಲ್ಲ ಪಟಗಳಲ್ಲೂ ಅವರಿದ್ದಾರೆ, ಎಳ್ಳುಕಾಳಿನಷ್ಟು. ಮುಖ ಒಂದರಲ್ಲೂ ಕಾಣದು.

ಕೊನೆಯ ಪಟಕ್ಕೆ ನಿಲ್ಲುವ ಮುಂಚೆ, "ಏನ್ ತಂಬಿ, ಈ ಪಟ ನಿಮ್ಮಕ್ಕನೂ ನೋಡ್ತಾಳಾ?" ಎಂದರು.

"ನೋಡ್ತಾಳೆ ಬಾವ, ಅಲುಗಾಡ್ಬೇಡಿ" ಎಂದೆ.

ಯಾವಾಗಲೂ ಕಲ್ಲಿನಂತೆ ನಿಲ್ಲುವವರು ಅಂದು ಕೈ ಬೀಸಿಬಿಟ್ಟರು. ಅಲುಗಿದ್ದು ಪಟದಲ್ಲಿ ಸರಿಯಾಗಿ ಮೂಡುವುದಿಲ್ಲ. ಕೆಟ್ಟುಹೋಯಿತು, ಎಸೆ ಎಂದರು ದೊರೆ. ನಾನು ಎಸೆಯಲಿಲ್ಲ. ಬಾವ ಹೋದ ಮೇಲೆ, ಮುಂದಿನ ಬೆಟ್ಟದಲ್ಲಿ ನೀನೇ ನಿಲ್ಲು ಎಂದರು. ನಿಲ್ಲಲಾರೆ ಎಂದೆ.

ಆ ಪಟವನ್ನೇ ಕಳಿಸಿದ್ದೇನೆ. ಬಿಸಿಲಿಗೆ ಇಡಬೇಡ. ದೊಡ್ಡ ಬಂಡೆಯ ಬುಡದಲ್ಲಿ ಹೊಗೆಯಂತೆ ಒಂದಿಷ್ಟು ಬಿಳಿ ಕಾಣುತ್ತದೆ. ಕಲೆಯೆಂದು ಯಾರೂ ಒರೆಸದಂತೆ ನೋಡಿಕೋ. ಅದು ನಿನಗೆ ಬೀಸಿದ ಕೈ.

ನಿನ್ನ ತಮ್ಮ,
ವೇಲುಸಾಮಿ