ದುಬೈಯಿಂದ ಸಿಯಾಟಲ್‌ಗೆ ಒಂದೆಳೆ ಬಾಳೆನಾರು

ಅವ್ವಾ,

ಅಮೆರಿಕಕ್ಕೆ ಹೋಗಿ ಬಂದೆ, ನಂಬ್ತೀಯಾ? ನಾನು ಕೆಲಸ ಮಾಡುವ ತಾಂಡ್ಯದ ಕಾರ್ಖಾನೆಗೆ ಹೊಸ ಮೆಷಿನ್ ಬರುತ್ತಿದೆ, ಅದನ್ನು ಕಲಿಯಲು ಹತ್ತು ದಿನ ಕಳಿಸಿದ್ದರು. ದುಬೈಯಲ್ಲಿ ವಿಮಾನ ಬದಲಿಸಿ ಸಿಯಾಟಲ್‌ಗೆ. ಟಿಕೆಟ್ಟಿನಲ್ಲಿ ಆ ಎರಡು ಊರಿನ ಹೆಸರು ಒಟ್ಟಿಗೆ ನೋಡಿದ್ದೇ ನಿನ್ನ ಬಾಳೆನಾರು ನೆನಪಾಯಿತು. ಯಾಕೆಂದು ನಿನಗೆ ಗೊತ್ತು.

ನಾನಾಗ ಹತ್ತನೇ ಕ್ಲಾಸು. ನರಸೀಪುರದ ಬಸ್‌ಸ್ಟ್ಯಾಂಡ್ ಪಕ್ಕ ನೀನು ಹೂ ಕಟ್ಟುತ್ತಾ ಕೂತಿದ್ದೆ. ಹೂ ಸುತ್ತಿಕೊಡಲು ತಂದ ಹಳೇ ಪೇಪರನ್ನು ಅಕ್ಷರ ಅಕ್ಷರ ಕೂಡಿಸಿ ಓದದೆ ಹರಿಯುತ್ತಲೇ ಇರಲಿಲ್ಲ ನೀನು. ಅವತ್ತು ಸಿಕ್ಕಿದ್ದು ದುಬೈ–ಸಿಯಾಟಲ್ ವಿಮಾನದ ಸುದ್ದಿ. "ಬೆಳಿಗ್ಗೆ ಒಂಬತ್ತೂವರೆಗೆ ಒಲ್ಟು ಅದೇ ದಿನ ಮದ್ಯಾನ ಒಂದ್ಗಂಟ್ಗೆ ಇಳೀತದಂತೆ! ಮೂರೂವರೆ ಗಂಟೆ ಕಣವ್ವ, ಇಲ್ಲಿಂದ ಬೆಂಗ್ಳೂರ್ಗೆ ಓದಂಗೆ!" ಎಂದು ಕಣ್ಣರಳಿಸಿದೆ. ಸಿಯಾಟಲ್‌ನ ಗಡಿಯಾರ ದುಬೈಗಿಂತ ಹನ್ನೊಂದು ಗಂಟೆ ಹಿಂದೆ, ನಿಜವಾಗಿ ಹಿಡಿಯುವುದು ಹದಿನಾಲ್ಕೂವರೆ ಗಂಟೆ ಎಂದು ತಿದ್ದಿ ನಾನು ಬೀಗಿದೆ.

ಅಷ್ಟಕ್ಕೆ ಸುಮ್ಮನಾಗುವವಳೇ ನೀನು? ಕ್ವಿಜ್‌ನಲ್ಲಿ ನನಗೆ ಬಹುಮಾನ ಬಂದಿದ್ದ ಗ್ಲೋಬನ್ನು ಬ್ಯಾಗಿನಿಂದ ತೆಗೆಸಿದೆ. ಹೂ ಕಟ್ಟಲು ನೆನೆಸಿಟ್ಟ ಬಾಳೆನಾರಿನ ಒಂದು ತುದಿ ದುಬೈ ಮೇಲೆ, ಇನ್ನೊಂದು ತುದಿ ಸಿಯಾಟಲ್ ಮೇಲೆ ಒತ್ತಿಹಿಡಿದು ಬಿಗಿಯಾಗಿ ಎಳೆದೆ. ನಾರು ಜಾರಿ ಜಾರಿ ಉತ್ತರ ಧ್ರುವದ ತಿರುಪಿನ ಹತ್ತಿರ ಹೋಗಿ ನಿಂತಿತು. "ಇಮಾನ ಇಂಗೇ ಓಗದು ನೋಡು, ನೆತ್ತಿ ಮ್ಯಾಲೆ. ಬ್ಯಾರೆ ಕಡೆಯಿಂದ ಎಳುದ್ರೆ ನಾರು ಜಾಸ್ತಿ ಬೇಕಾಯ್ತದೆ." ಅಟ್ಲಾಸಿನಲ್ಲಿ ಸ್ಕೇಲಿಟ್ಟು, ಯುರೋಪಿನ ಮೇಲೆ ಅಟ್ಲಾಂಟಿಕ್ ದಾಟಿಸಿ ಗೆರೆ ಎಳೆದಿದ್ದ ನನಗೆ ರೇಗಿತು. ಗಿರಾಕಿಗಳ ಮುಂದೆಯೇ, "ವಿಮಾನ ಹಂಗೆ ಹೋಗಲ್ಲ, ಯುರೋಪ್ ಮೇಲೆ ಹೋಗೋದು. ಹೂ ಕಟ್ಟೋಳ್ಗೆ ಇದೆಲ್ಲ ಯಾಕವ್ವ?" ಅಂದುಬಿಟ್ಟೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಇಂಥ ಒಂದು ಪ್ರಶ್ನೆಯನ್ನೂ ನೀನು ನನ್ನ ಹತ್ತಿರ ತರಲಿಲ್ಲ. ಅಷ್ಟು ನೋವಾಗಿತ್ತಾ? ಕೇಳಬೇಕು, ಕೇಳಬೇಕು ಅನ್ನುವಷ್ಟರಲ್ಲಿ ನೀನು...

ವಿಮಾನದಲ್ಲಿ ಸೀಟಿನ ಮುಂದೆ ಪುಟ್ಟ ಪರದೆ, ಅದರಲ್ಲಿ ದಾರಿ ತೋರಿಸುತ್ತಾರೆ. ಇರಾನ್, ರಷ್ಯಾ, ಆಮೇಲೆ ನೆಟ್ಟಗೆ ಮೇಲಕ್ಕೆ, ಬರೀ ಬಿಳಿ. ಒಟ್ಟು ಹನ್ನೆರಡು ಸಾವಿರ ಕಿಲೋಮೀಟರ್ ಹತ್ತಿರ. ಕಿಟಕಿಗೆ ಮೂಗೊತ್ತಿ ನೋಡಿದರೆ ಕೆಳಗೆ ಬಿರುಕುಬಿಟ್ಟ ಮಂಜುಗಡ್ಡೆ. ಧ್ರುವದಲ್ಲಿ ಎತ್ತ ತಿರುಗಿದರೂ ದಕ್ಷಿಣವೇ ಅಂತೆ. ಹಾಗಾದರೆ ಪೈಲಟ್ ದಿಕ್ಕು ಹೇಗೆ ಹಿಡಿಯುತ್ತಾನೆ? ಗಂಟೆ ಎಷ್ಟೆಂದು ಯಾವ ಊರಿನ ಗಡಿಯಾರ ನೋಡಬೇಕು? ನೀನಿದ್ದಿದ್ದರೆ ಗಗನಸಖಿಯ ತಲೆ ತಿಂದುಬಿಡುತ್ತಿದ್ದೆ. ನಾನು ಮುಖ ಕಿಟಕಿಗೆ ತಿರುಗಿಸಿಕೊಂಡು ಅತ್ತೆ.

ಮೊನ್ನೆ ಭಾನುವಾರ ನರಸೀಪುರಕ್ಕೆ ಹೋಗಿದ್ದೆ. ನಿನ್ನ ಪಕ್ಕ ಬಾಳೆಹಣ್ಣು ಮಾರುತ್ತಿದ್ದ ಸಿದ್ದಮ್ಮ ಈಗಲೂ ಅಲ್ಲೇ ಕೂರುತ್ತಾಳೆ. ಅವತ್ತು ನಕ್ಕವರಲ್ಲಿ ಅವಳೂ ಒಬ್ಬಳು. ಜನ ಇರುವಾಗಲೇ ಜೋರಾಗಿ ಹೇಳಿದೆ: "ಸಿದ್ದಮ್ಮ, ಇಮಾನ ನೆತ್ತಿ ಮೇಲೇ ಓಯ್ತದೆ. ನಮ್ಮವ್ವ ಏಳಿದ್ದೇ ಸರಿ."

ಸಿದ್ದಮ್ಮ ಬೆಪ್ಪಾದಳು. "ಅಯ್ಯೋ, ನಿಮ್ಮವ್ವ ಸಾಯಗಂಟ ಏಳ್ತಿದ್ದುದ್ದು ಬ್ಯಾರೆ ಕಣವ್ವ! 'ಇಮಾನದ ದಾರಿ ಇಸ್ಯದಲ್ಲಿ ನಂದೇ ತಪ್ಪು, ನನ್ ಮಗ್ಳು ಏಳುದ್ದೇ ಸರಿ. ಎಷ್ಟ್ ತಿಳ್ಕಂಡವ್ಳೆ ನೋಡಿ' ಅಂತ ಬಂದೋರ್ಗೆಲ್ಲ ಏಳೋಳು."

ಹಾಗಾದರೆ ಮತ್ತೆ ಯಾಕೆ ಏನೂ ಕೇಳಲಿಲ್ಲ ಅವ್ವಾ? ನೊಂದಿದ್ದೆಯೋ, ಹೆಮ್ಮೆಪಟ್ಟಿದ್ದೆಯೋ, ಎರಡೂನೋ? ಅದಂತೂ ಇನ್ನು ನನಗೆ ತಿಳಿಯುವುದಿಲ್ಲ. ಆದರೆ ನನ್ನ ತಪ್ಪನ್ನು ಸರಿಯೆಂದು ನೀನು ಯಾರ್ಯಾರಿಗೆ ಹೇಳಿದ್ದೆಯೋ ಅವರನ್ನೆಲ್ಲ ಹುಡುಕಿ, ಗೆದ್ದವಳು ನೀನು ಅಂತ ಹೇಳಿಬರುತ್ತೇನೆ.

ನಿನ್ನ ರತ್ನಿ