ಸೋಬಾನೆಗೆ ಸಂಪರ್ಕಿಸಿ

ಮಳವಳ್ಳಿ,
೧೭ ಏಪ್ರಿಲ್ ೨೦೨೫, ಗುರುವಾರ

ಪ್ರೀತಿಯ ತಂಗಿ ಮಂಗಳಾ,

ಹೇಗಿದ್ದೀಯವ್ವ? ಮಂಡಿ ನೋವು ಕಮ್ಮಿ ಆಯ್ತಾ? ಭಾವನವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತಾ, ಇಲ್ಲ ಈಗಲೂ ನಿನ್ನ ಕಣ್ಣು ತಪ್ಪಿಸಿ ಅಂಗಡಿ ಟೀ ಕುಡೀತಾರಾ? ಮದುವೆ ಗಡಿಬಿಡೀಲಿ ಅರ್ಪಿತ ಸರಿಯಾಗಿ ಊಟ ಮಾಡ್ತಾಳೋ ಇಲ್ಲವೋ, ನೋಡಿಕೋ. ಇದನ್ನೆಲ್ಲ ಫೋನಿನಲ್ಲಿ ಕೇಳಬೇಕಾದವನು ಕಾಗದದಲ್ಲಿ ಕೇಳ್ತಾ ಇದ್ದೀನಿ, ಯಾಕಂದರೆ ನೀನು ನನ್ನ ನಂಬರು ಬ್ಲಾಕ್ ಮಾಡಿ ಎರಡು ವರ್ಷದ ಮೇಲೆ ಒಂದು ತಿಂಗಳಾಯ್ತು. ಮೂವತ್ತೆಂಟು ವರ್ಷ ಮೈಕಿನ ಮುಂದೆ ನಿಂತು ಊರಿಗೆಲ್ಲ ಹಲೋ ಹಲೋ ಅಂದವನು, ತಂಗಿಗೆ ಹಲೋ ಅನ್ನೋಕೆ ನೋಟ್ ಪುಸ್ತಕದ ಹಾಳೆ ಹರಿದಿದ್ದೀನಿ. ಹೋದ ದೀಪಾವಳೀಲಿ ನಿಮ್ಮೂರಿಗೆ ಅಂತಲೇ ಹೊರಟು ಮದ್ದೂರಿನವರೆಗೂ ಬಂದಿದ್ದೆ. ಸ್ಟ್ಯಾಂಡಿನಲ್ಲಿ ಎರಡು ವಡೆ ತಿಂದು, ಧೈರ್ಯ ಸಾಲದೆ ಬಂದ ಬಸ್ಸಿನಲ್ಲೇ ವಾಪಸು ಹತ್ತಿದೆ. ಈ ಕಾಗದವನ್ನು ಅಂಚೆಗೆ ಹಾಕಲ್ಲ, ನಿಮ್ಮೂರ ಮೇಲೆ ಹೋಗೋ ಬಸ್ಸಿನ ಕಂಡಕ್ಟರ್ ಕೈಲಿ ಕೊಡ್ತೀನಿ, ಸಂಜೆಗೆ ನಿನಗೆ ಸಿಗುತ್ತೆ. ಅವ್ವನ ಆರೋಗ್ಯದ ವಿಚಾರ ಕಡೇಲಿ ಬರೀತೀನಿ. ಅರ್ಧಕ್ಕೆ ಹರಿದು ಹಾಕಬೇಡ.

ಅರ್ಪಿತಳ ಮದುವೆ ಪತ್ರಿಕೆ ಬಂತು. ಸೋದರಮಾವನಿಗೆ ಪತ್ರಿಕೆ ಅಂಚೇಲಿ ಬಂದದ್ದು ನಮ್ಮ ವಂಶದಲ್ಲಿ ಇದೇ ಮೊದಲು ಅಂತ ನಿನ್ನ ಅತ್ತಿಗೆ ಯಶೋದ ಒಂದು ದಿನ ಪೂರ್ತಿ ಮುಖ ಊದಿಸಿಕೊಂಡಿದ್ದಳು. ನನಗೆ ಅದರ ಬೇಜಾರಿಲ್ಲ, ನನಗೆ ಸಲ್ಲಬೇಕಾದ್ದು ಅಷ್ಟೇ. ಆದರೆ ಅವ್ವನ್ನ ನೀನು ಬಂದು ಕರೆಯಲಿಲ್ಲ. ಊಟಕ್ಕೆ ಕರೆಯೋ ಮಾತಲ್ಲ. ಮದುವೆ ಮನೆ ಹೆಂಗಸು ತಟ್ಟೇಲಿ ಎಲೆ ಅಡಿಕೆ ಕುಂಕುಮ ಇಟ್ಟುಕೊಂಡು ಬಾಗಿಲಿಗೆ ಬಂದು, ‘ಬಂದು ಎರಡು ಸೋಬಾನೆ ಪದ ಹೇಳವ್ವ’ ಅಂತ ವೀಳ್ಯ ಕೊಡ್ತಾಳಲ್ಲ, ಆ ಕರೆ. ವೀಳ್ಯ ಇಲ್ಲದೆ ಅವ್ವ ಯಾರ ಚಪ್ಪರದ ಕೆಳಗೂ ಬಾಯಿ ಬಿಟ್ಟವಳಲ್ಲ. ನನ್ನ ಮದುವೇಲೇ, ಸ್ವಂತ ಮಗನ ಮದುವೇಲೇ, ಯಾರಾದರೂ ಬಂದು ಕರೀಲಿ ಅಂತ ಅಡುಗೆಮನೇಲಿ ಬಿಗಿದುಕೊಂಡು ಕೂತಿದ್ದಳು. ಕಡೆಗೆ ನೀನೇ ತಟ್ಟೆ ಹಿಡ್ಕೊಂಡು ಹೋಗಿ ಎಬ್ಬಿಸಿಕೊಂಡು ಬಂದೆ. ಮೇ ಹನ್ನೊಂದಕ್ಕೆ ಮದುವೆ. ಅದಕ್ಕೆ ಮುಂಚೆ ಆ ಕರೆ ಅವಳಿಗೆ ನಿನ್ನ ಬಾಯಿಂದ ಸಿಗಬೇಕು. ನಾನು ಕೇಳ್ತಿರೋದು ಇಷ್ಟೆ. ಇನ್ನು ಮುಂದಿನದೆಲ್ಲ ನನ್ನ ತಪ್ಪಿನ ಪಟ್ಟಿ.

ನಮ್ಮ ಶಾಮಿಯಾನ ಅಂಗಡಿ ಗೋಡೌನಿನ ಹಿಂದಿನ ಅರ್ಧ ಬಿಡಿಸಿ, ಸುಣ್ಣ ಬಳಿದು, ‘ಮಡಿಲು ಕಲಾಕೇಂದ್ರ’ ಅಂತ ಬೋರ್ಡು ಹಾಕಿ ಈ ಯುಗಾದಿಗೆ ಏಳು ವರ್ಷ. ಈಗ ಬೆಂಗಳೂರಿನ ಒಂದು ಸಂಸ್ಥೆಯವರು ನೆರವು ಕೊಡ್ತೀವಿ ಅಂತ ಹದಿನಾಲ್ಕು ಪುಟದ ಅರ್ಜಿ ಕಳಿಸಿದ್ದಾರೆ. ಮೂರನೇ ಪುಟದಲ್ಲಿ ಒಂದು ಪ್ರಶ್ನೆ: ‘ನಿಮ್ಮ ಕೇಂದ್ರದಿಂದ ಸಮುದಾಯಕ್ಕೆ ಆದ ಉಪಯೋಗವೇನು? ಫಲಾನುಭವಿಗಳ ಸಂಖ್ಯೆ ನಮೂದಿಸಿ.’ ಸಂಖ್ಯೆ ನನಗೆ ಬಾಯಿಪಾಠ ಬಿಡು. ಶನಿವಾರದ ಪೂಜಾ ಕುಣಿತದ ಪಾಠಕ್ಕೆ ಮೊದಲ ವರ್ಷ ನಲವತ್ತೊಂದು ಮಕ್ಕಳು, ಈ ವರ್ಷ ಒಂಬತ್ತು. ಆ ಒಂಬತ್ತರಲ್ಲಿ ನಾಲ್ಕು ಜನ ಬರೋದು ಟ್ಯೂಷನ್ ಮೇಷ್ಟ್ರು ರಜಾ ಹಾಕಿದಾಗ. ಕಲಾವಿದರ ಮಾಸಾಶನಕ್ಕೆ ನಾವು ಬರೆದುಕೊಟ್ಟ ಅರ್ಜಿ ಇಪ್ಪತ್ತಾರು, ಮಂಜೂರಾದದ್ದು ಮೂರು, ಮಂಜೂರಾಗೋ ಹೊತ್ತಿಗೆ ಬದುಕಿ ಉಳಿದಿದ್ದವರು ಇಬ್ಬರು. ಬಸ್ಸು ತಪ್ಪಿ ಬಂದು, ಫ್ಯಾನಿನ ಕೆಳಗೆ ಕೂತು ಮಗೂಗೆ ಹಾಲು ಕುಡಿಸಿ, ಬಚ್ಚಲಿಗೆ ಹೋಗಿ, ‘ಬತ್ತೀವಿ ಕಣಣ್ಣ’ ಅಂತ ಎದ್ದು ಹೋದ ಹೆಂಗಸರು ನೂರಾರು. ನಮ್ಮಿಂದ ನಿಜವಾಗಿ ಫಲ ಉಂಡವರು ಅವರೇ, ಆದರೆ ಅರ್ಜೀಲಿ ಅದಕ್ಕೊಂದು ಕಲಂ ಇಲ್ಲ. ಮಕ್ಕಳಿಗೆ ಪದ ಹೇಳಿಕೊಡೋ ಶೋಭಾರಾಣಿ, ಕೇಂದ್ರದ ಫೋನೂ ಅವಳದೇ ಉಸ್ತುವಾರಿ, ‘ಸಾವಿರ ಅಂತ ಆಕ್ಬುಡಿ ಸಾರ್, ಯಾರು ಬಂದು ಎಣಿಸ್ತಾರೆ’ ಅಂದಳು. ನಾನೇ ಎಣಿಸ್ತೀನಲ್ಲ ಮಂಗಳಾ, ಅದೇ ನನ್ನ ರೋಗ. ಕೇಂದ್ರದಿಂದ ಸಮುದಾಯಕ್ಕೆ ಆದ ನಷ್ಟವೇನು ಅಂತ ಅವರು ಕೇಳಿದ್ದರೆ ಒಂದೇ ಸಾಲಿನಲ್ಲಿ ಮುಗೀತಿತ್ತು: ಮಾಯಮ್ಮ, ವಯಸ್ಸು ಎಪ್ಪತ್ತೆಂಟು, ನನ್ನ ಹೆತ್ತವ್ವ.

ಎರಡು ವರ್ಷದ ಹಿಂದೆ ಸೋಬಾನೆಯ ಆ ಫ್ಲೆಕ್ಸ್ ಬೋರ್ಡು ಹಾಕಿಸಿದಾಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ, ಅದನ್ನು ಮಾತ್ರ ನಂಬು. ಸೈಕಲ್ಲಿನ ಹಿಂದೆ ಮೈಕಿನ ಹಾರ್ನ್ ಕಟ್ಟಿಕೊಂಡು ಮುತ್ತತ್ತಿವರೆಗೆ ತುಳಿದು ವ್ಯಾಪಾರ ಬೆಳೆಸಿದವನು ನಾನು. ಯಾವುದಕ್ಕೇ ಆಗಲಿ ಬೋರ್ಡು ಇರಬೇಕು, ನಂಬರು ಇರಬೇಕು, ಆಗಲೇ ಜನ ಮರ್ಯಾದೆ ಕೊಡೋದು ಅಂತ ನಾನು ಕಲಿತಿದ್ದು. ರಾತ್ರಿಯೆಲ್ಲ ಪದ ಹೇಳಿ ಮಡಿಲಲ್ಲಿ ಸೇರಕ್ಕಿ, ಒಂದು ಕಾಯಿ, ಒಂದು ರವಿಕೆ ಕಣ ಕಟ್ಟಿಕೊಂಡು ಬರೋ ಅವ್ವನ್ನ ನೋಡಿದಾಗ ಇವಳನ್ನು ಯಾರೂ ಕಲಾವಿದೆ ಅನ್ನೋದಿಲ್ಲವಲ್ಲ ಅಂತ ಹೊಟ್ಟೆ ಉರೀತಿತ್ತು. ಅದಕ್ಕೇ ಐದು ಜನ ಹೆಂಗಸರಿಗೆ ಒಂದೇ ಬಣ್ಣದ ಸೀರೆ, ಬಸ್ ಸ್ಟ್ಯಾಂಡಿನ ಎದುರಿಗೆ ಅವ್ವನ ಫೋಟೊ, ಕೆಳಗೆ ‘ಶಾಮಿಯಾನ, ಕುರ್ಚಿ, ಪಾತ್ರೆ, ಮೈಕ್ ಸೆಟ್ ಹಾಗೂ ಸೋಬಾನೆಗೆ ಸಂಪರ್ಕಿಸಿ’, ಅದರ ಕೆಳಗೆ ನನ್ನ ನಂಬರು. ನೀನು ಬಸ್ಸಿಳಿದವಳು ನೇರ ಅಂಗಡಿಗೆ ಬಂದು, ಗಿರಾಕಿಗಳ ಮುಂದೆ, ‘ಕುರ್ಚಿ, ಪಾತ್ರೆ, ಅವ್ವ. ಮೂರ್ನೂ ಒಂದೇ ಬೋರ್ಡಿಗೆ ಏರ್ಸಿದ್ದೀಯಲ್ಲಣ್ಣ, ಅವ್ವನ್ನ ಸಾಗಿಸೋ ಖರ್ಚು ಬೇರೆನಾ?’ ಅಂದೆ. ಅವ್ವ ಹೇಳಿದ ಸಾಲನ್ನು ತಿರುಗಿ ಎತ್ತಿಕೊಂಡು ಸೊಲ್ಲು ಹಿಡಿಯೋ ದನಿ ನಿಂದು, ಹನ್ನೆರಡನೇ ವಯಸ್ಸಿನಿಂದ. ನಿನ್ನ ಒಂದು ಮಾತು ಕೇಳಬೇಕಿತ್ತು. ಕೇಳೋದು ಬಿಟ್ಟು, ‘ಹೊಟ್ಟೆಕಿಚ್ಚು ಕಣೇ ನಿಂಗೆ’ ಅಂದೆ. ಆ ಮಾತು ವಾಪಸು ತಗೊಂಡಿದ್ದೀನಿ. ಎರಡು ವರ್ಷ ತಡವಾಗಿ.

ಮೊದಲ ವರ್ಷ ಬುಕಿಂಗು ಬಂತು, ಸುಳ್ಳು ಹೇಳಲ್ಲ. ಫೋಟೊದವನು ಬರೋಕೆ ಮುಂಚೆ ಮುಗಿಸಿ, ಅರ್ಧ ಗಂಟೆ ಸಾಕು, ಒಗಟಿನ ಪದ ಬೇಡ, ನಗ್ತಾ ಹೇಳಿ ಅಂತ ಒಬ್ಬೊಬ್ಬರದು ಒಂದೊಂದು ಷರತ್ತು. ಅವ್ವ ಎರಡು ಸಲ ಹೋದಳು, ಮೂರನೇ ಸಲ ‘ವೀಳ್ಯ ಎಲ್ಲಿ’ ಅಂದಳು, ಹೋಗಲಿಲ್ಲ. ಬುಕಿಂಗಿಗೆ ಹೋಗದೆ ಇದ್ದರೆ ಇರಲಿ, ನಮ್ಮ ಬೀದಿಯವರು ಹಿಂದಿನ ಹಾಗೆ ಕರೀತಾರಲ್ಲ ಅಂದುಕೊಂಡೆ. ಅಲ್ಲೇ ನಾನು ಬಿದ್ದದ್ದು. ನಮ್ಮ ಬೀದೀಲಿ ಈ ಎರಡು ವರ್ಷಕ್ಕೆ ಹದಿನಾಲ್ಕು ಮದುವೆ, ಅವ್ವನಿಗೆ ಬಂದ ವೀಳ್ಯ ಸೊನ್ನೆ. ಪಕ್ಕದ ಮನೆ ಹೊಂಬಾಳಮ್ಮನ್ನ ಕೇಳಿಯೇ ಬಿಟ್ಟೆ. ‘ನಿಮ್ಮವ್ವನ್ನ ಕರೆಯಕ್ಕೆ ಈಗ ಫೋನ್ ಮಾಡ್ಬೇಕಂತಲ್ಲಪ್ಪ, ಬೋರ್ಡಲ್ಲಿ ಆಕವ್ರೆ. ನಾವು ಎಲೆ ಅಡಿಕೆ ಇಡ್ಕಂಡು ಬಂದು ನಿಂತ್ಕಂಡ್ರೆ ನಿಮ್ಗೆ ನಷ್ಟ ಅಲ್ವಾ ಕಣಪ್ಪ’ ಅಂದಳು. ಕುಹಕ ಇರಲಿಲ್ಲ ಅವಳ ಮಾತಿನಲ್ಲಿ, ಮರ್ಯಾದೆ ಇತ್ತು. ನಮ್ಮ ಹೊಟ್ಟೆ ಮೇಲೆ ಹೊಡೀಬಾರದು ಅಂತ ಇಡೀ ಬೀದಿ ಸೇರಿ ಅವ್ವನ್ನ ಕರೆಯೋದು ನಿಲ್ಲಿಸಿತ್ತು. ಫ್ಲೆಕ್ಸ್ ಕಿತ್ತು ಹಾಕಿಸಿದೆ. ಏನು ಬಂತು? ಊರಿಗೊಂದು ಸಲ ಅಭ್ಯಾಸ ತಪ್ಪಿದ ಮೇಲೆ ಮನೆ ಮನೆಗೆ ಹೋಗಿ ನಮ್ಮವ್ವನ್ನ ಕರೀರಿ ಅನ್ನೋಕಾಗುತ್ತಾ? ಮುಹೂರ್ತದ ದಿನ ಬಂದರೆ ಅವ್ವ ಬೆಳಿಗ್ಗೇನೇ ಎಣ್ಣೆ ಹಚ್ಚಿ ತಲೆ ಬಾಚಿ, ಬಟ್ಟೆ ಗಂಟು ಬಿಚ್ಚಿ ಒಳ್ಳೇ ಸೀರೆ ಉಟ್ಟು ಜಗಲಿ ಮೇಲೆ ಕೂರೋಳು. ಗಾಳಿಗೆ ಕೂತವಳೆ ಅಂತ ನಾನು ಎರಡು ವರ್ಷ ತಿಳಕೊಂಡಿದ್ದೆ. ಬೇರೆಯವರ ಮನೆಯಿಂದ ಕುರ್ಚಿ ಎಷ್ಟು ಕಮ್ಮಿ ವಾಪಸು ಬಂತು ಅಂತ ಕತ್ತಲಲ್ಲೂ ಹೇಳೋ ಕಣ್ಣು ಇದು.

ಇನ್ನು ಕಡೇ ತಪ್ಪು. ಹೋದ ತಿಂಗಳು ಮದ್ದೂರಿನ ಯಾರೋ ಮದುವೆ ಕಂಟ್ರಾಕ್ಟಿನವನು ಫೋನ್ ಮಾಡಿದ. ಶೋಭಾರಾಣಿ ರಿಜಿಸ್ಟರಿನಲ್ಲಿ ಬರಕೊಂಡಳು: ಮೇ ಹನ್ನೊಂದು, ಸೋಬಾನೆ, ಐದು ಜನ, ಅರ್ಧ ಗಂಟೆ, ವಯಸ್ಸಾದವರು ಒಬ್ಬರು ಇದ್ದರೆ ಒಳ್ಳೇದು, ಫೋಟೊಗೆ ಚೆನ್ನಾಗಿರುತ್ತೆ. ನಾನು ಸೈನ್ ಹಾಕಿದೆ. ನಿನ್ನ ಪತ್ರಿಕೆ ಬಂದ ಮೇಲೆ ಛತ್ರದ ಹೆಸರು ನೋಡಿ ರಿಜಿಸ್ಟರು ತೆಗೆದೆ, ದಿನವೂ ಅದೇ, ಛತ್ರವೂ ಅದೇ. ನಿನಗೆ ಇದು ಗೊತ್ತಿಲ್ಲ, ಅಷ್ಟು ನಂಬಿಕೆ ನನಗಿದೆ. ಆದರೆ ಲೆಕ್ಕ ಹಾಕು: ಮೊಮ್ಮಗಳ ಮದುವೆಗೆ ಅಜ್ಜಿಯನ್ನು ಫೋಟೊಗೆ ಚೆನ್ನಾಗಿರುತ್ತೆ ಅಂತ ಅರ್ಧ ಗಂಟೆಗೆ ಬುಕ್ ಮಾಡಿದ್ದಾರೆ, ಬುಕಿಂಗ್ ಒಪ್ಪಿಕೊಂಡವನು ಅವಳ ಮಗ. ಅದನ್ನು ಹೊಡೆದು ಹಾಕಿದ್ದೀನಿ. ಬೆಂಗಳೂರಿನವರ ಅರ್ಜಿ ಖಾಲಿ ವಾಪಸು ಹೋಗುತ್ತೆ. ಕೇಂದ್ರಕ್ಕೆ ಈ ತಿಂಗಳ ಕೊನೆಗೆ ಬೀಗ, ಜಾಗಕ್ಕೆ ಪಾತ್ರೆ ತುಂಬ್ತೀನಿ. ನೀನು ಒಂದು ಸಲ ಬಾರವ್ವ, ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತು ಅವಳನ್ನು ಕರಿ. ನೀನು ಕರೆದರೆ ಎದ್ದು ಬರ್ತಾಳೆ.

ಭಾವನವರಿಗೆ ನಮಸ್ಕಾರ ತಿಳಿಸು. ಅರ್ಪಿತ ಹೋದ ಮನೇಲಿ ತಲೆ ಎತ್ತಿಕೊಂಡು ಬಾಳಲಿ, ಅವಳ ಮಾತಿಗೆ ಅಲ್ಲಿ ತೂಕ ಇರಲಿ. ಯಶೋದ ನಿನ್ನನ್ನು ಕೇಳಿದಳು ಅಂತ ಬರಿ ಅಂದಳು, ಬರೆದಿದ್ದೀನಿ.

ನಿನ್ನ ಅಣ್ಣ,
ಶಿವರಾಜು

ತಾ.ಕ.: ಬಸ್ಸಿಗೆ ಹೊತ್ತಾಯ್ತು, ಕಂಡಕ್ಟರ್ ವಿಸಿಲ್ ಹಾಕ್ತಾ ಇದ್ದಾನೆ. ನೀನು ಕರೆದರೆ ಎದ್ದು ಬರ್ತಾಳೆ ಅಂತ ಮೇಲೆ ಸುಳ್ಳು ಬರೆದೆ. ಅವ್ವ ಎದ್ದು ಬರಲ್ಲ. ಕರೆಯೋ ನೆಪದಲ್ಲಾದರೂ ನೀನು ಬರಲಿ ಅಂತ ಬರೆದೆ. ಹೋದ ವಾರ ಬುಧವಾರ ಹೊಂಬಾಳಮ್ಮನ ಮೊಮ್ಮಗಳ ಅರಿಶಿನ ಶಾಸ್ತ್ರಕ್ಕೆ ನಮ್ಮ ಅಂಗಡಿ ಸ್ಪೀಕರ್ ಬಾಕ್ಸನ್ನೇ ಬಾಡಿಗೆಗೆ ತಗೊಂಡು, ಶೋಭಾರಾಣಿ ಎಲ್ಲರ ಮೊಬೈಲಿಗೆ ಕಳಿಸಿದ್ದ ಪದ ಹಾಕಿದರು. ಕೇಂದ್ರ ಶುರುವಾದ ವರ್ಷ ಅವ್ವನೂ ನೀನೂ ಕೂತು ಹೇಳಿದ್ದು. ಜಗಲಿ ಮೇಲಿದ್ದ ಅವ್ವ ತನ್ನ ದನಿ ಗುರುತು ಹಿಡೀಲಿಲ್ಲ, ನಿನ್ನದು ಕೇಳಿ, ‘ಮಂಗ್ಳ ಬಂದವ್ಳೆ ಕಣ್ಲಾ. ಅವ್ಳನ್ನ ಕರ್ದವ್ರೆ, ನನ್ ಒಬ್ಳನ್ನೇ ಬುಟ್ಬುಟ್ರು’ ಅಂದಳು. ಅದು ರೆಕಾರ್ಡು ಕಣವ್ವ ಅನ್ನೋಕೆ ನನ್ನ ಬಾಯಿ ಏಳಲಿಲ್ಲ. ಪದ ಮುಗಿಯೋಷ್ಟರಲ್ಲಿ ಅವ್ವನಿಗೆ ಲಕ್ವ ಹೊಡೆದು ಬಲಗಡೆ ಪೂರಾ ಬಿದ್ದುಹೋಗಿತ್ತು. ಮಂಡ್ಯದ ಆಸ್ಪತ್ರೇಲಿ ಐದು ದಿನ ಇದ್ದು ಕರ್ಕೊಂಡು ಬಂದಿದ್ದೀವಿ. ಮಾತು ಇಲ್ಲ, ಇನ್ನು ಬರಲ್ಲ ಅಂತ ಡಾಕ್ಟ್ರು ಹೇಳಿಯಾಯ್ತು. ತಿಳಿಸು ಅಂತ ಯಶೋದ ದಿನಾ ಬೈತಾಳೆ, ಅವಳೇ ಮಾಡ್ತೀನಿ ಅಂದರೂ, ಇದಕ್ಕೂ ನಾನೇ ಕಾರಣ ಅಂತ ನಾಚಿ ಫೋನು ಕಿತ್ತುಕೊಂಡೆ. ಪಕ್ಕದ ಮನೆಗೆ ಬಂದಿದ್ದ ನೀನು ತನ್ನ ಮುಖ ನೋಡದೆ ಹೊರಟುಹೋದೆ ಅಂತಲೇ ಅವ್ವ ತಿಳಕೊಂಡು ಮಲಗವಳೆ. ನಾನು ಎಷ್ಟು ಹೇಳಿದರೂ ಗೋಡೆ ಕಡೆ ತಿರುಗ್ತಾಳೆ. ಬೆಳಿಗ್ಗೆ ಹತ್ತರೊಳಗೆ ಬಾ, ಆಮೇಲೆ ಮಂಪರು, ಯಾರು ಬಂದರೂ ಅವಳಿಗೆ ತಿಳಿಯೋದಿಲ್ಲ.